ಹೆಸರು ಕೇಳದ ಹಾಡುಗಾರರಿಗೂ ಒಂದು ಕಿವಿ

ಕಳೆದ ಒಂದು ವಾರದಲ್ಲಿ ನಿಮ್ಮ ಮನೆಯಲ್ಲಿ ಯಾವ ಯಾವ ಹಾಡುಗಳು ಕೇಳಿಬಂದವು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ದೇವಾಲಯದಲ್ಲಿ ಹಾಡಿದ್ದನ್ನು ಬದಿಗಿಡಿ. ಉಳಿದವುಗಳಲ್ಲಿ ಸಿನಿಮಾದ್ದಲ್ಲದ ಹಾಡು ಎಷ್ಟು? ಬಹುಪಾಲು ಮನೆಗಳಲ್ಲಿ ಉತ್ತರ ಒಂದೋ ಎರಡೋ ಇರಬಹುದು, ಅವೂ ಹಳೆಯ ಭಾವಗೀತೆಗಳಿರಬಹುದು. ಇದರಲ್ಲಿ ತಪ್ಪೇನೂ ಇಲ್ಲ. ಸಿನಿಮಾ ಹಾಡುಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ.

ಆದರೆ ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಮಗನೋ ಮಗಳೋ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಏನನ್ನೋ ಕೇಳುತ್ತಿರುತ್ತಾರೆ. ಏನು ಕೇಳುತ್ತಿದ್ದೀಯ ಎಂದರೆ ಒಂದು ಹೆಸರು ಹೇಳುತ್ತಾರೆ. ಆ ಹೆಸರು ನಾವು ಕೇಳಿದ್ದಲ್ಲ. ಅದು ಯಾವ ಸಿನಿಮಾದ್ದೂ ಅಲ್ಲ. ನಾಲ್ಕೈದು ಮಂದಿ ಯುವಕರು ಸೇರಿ ತಾವೇ ಬರೆದು, ತಾವೇ ರಾಗ ಹಾಕಿ, ತಮ್ಮದೇ ಖರ್ಚಿನಲ್ಲಿ ಧ್ವನಿಮುದ್ರಿಸಿದ ಹಾಡು. ಇದನ್ನೇ ಈಗ ಸ್ವತಂತ್ರ ಸಂಗೀತ ಎನ್ನುತ್ತಾರೆ. ಈ ಸಂಗೀತ ಎಲ್ಲಿಂದ ಬಂತು, ಅದನ್ನು ಹುಡುಕುವುದು ಹೇಗೆ, ಮನೆಮಂದಿ ಕೂಡಿ ಕೇಳುವುದು ಹೇಗೆ ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿ ನೋಡೋಣ.

ಸ್ವತಂತ್ರ ಎಂದರೆ ಯಾರಿಂದ?

ಮೊದಲು ಈ ಪದದ ಅರ್ಥ. ಇಲ್ಲಿ ಸ್ವತಂತ್ರ ಎಂದರೆ ತಂದೆತಾಯಿಯಿಂದ ಸ್ವತಂತ್ರ ಎಂದಲ್ಲ, ನಿಯಮಗಳಿಂದ ಸ್ವತಂತ್ರ ಎಂದೂ ಅಲ್ಲ. ದೊಡ್ಡ ಧ್ವನಿಮುದ್ರಣ ಕಂಪನಿಗಳಿಂದ ಸ್ವತಂತ್ರ, ಅಷ್ಟೇ. ಬಹಳ ಕಾಲ ಹಾಡೊಂದು ತಟ್ಟೆಯಾಗಿ ಹೊರಬರಬೇಕಾದರೆ ಯಾವುದಾದರೂ ಕಂಪನಿ ಒಪ್ಪಲೇಬೇಕಿತ್ತು. ಸ್ಟುಡಿಯೋ ಅವರದು, ತಟ್ಟೆ ಒತ್ತುವ ಯಂತ್ರ ಅವರದು, ಅಂಗಡಿಗೆ ತಲುಪಿಸುವ ದಾರಿಯೂ ಅವರದೇ. ಅವರು ಬೇಡ ಎಂದರೆ ಹಾಡು ಅಲ್ಲಿಗೆ ಮುಗಿಯಿತು.

1977ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಈ ಬೀಗ ಸಡಿಲವಾಯಿತು. ಆ ವರ್ಷದ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡದವರು ಮನೆಯವರಿಂದ, ಸ್ನೇಹಿತರಿಂದ ಸಾಲ ತಂದು ತಮ್ಮ ನಾಲ್ಕು ಹಾಡುಗಳ ತಟ್ಟೆಯನ್ನು ತಾವೇ ಒತ್ತಿಸಿದರು. ಮೊದಲು ಒತ್ತಿಸಿದ್ದು 1,000 ಪ್ರತಿ. ಅವು ಖರ್ಚಾದವು, ಮತ್ತೆ ಒತ್ತಿಸಿದರು. ಹೀಗೂ ಮಾಡಬಹುದಲ್ಲ ಎಂದು ಬೇರೆ ಊರಿನ ಹುಡುಗರಿಗೆ ಹೊಳೆಯಿತು. ಮರುವರ್ಷ ಲಂಡನ್ನಿನ ಸ್ಕ್ರಿಟ್ಟಿ ಪಾಲಿಟ್ಟಿ ಎಂಬ ತಂಡ ತನ್ನ ತಟ್ಟೆಯ ಹೊದಿಕೆಯ ಮೇಲೆ ಧ್ವನಿಮುದ್ರಣಕ್ಕೆ ಎಷ್ಟು, ತಟ್ಟೆ ಒತ್ತಲು ಎಷ್ಟು, ಮುದ್ರಣಕ್ಕೆ ಎಷ್ಟು ಎಂದು ಖರ್ಚಿನ ಲೆಕ್ಕವನ್ನೇ ಅಚ್ಚು ಹಾಕಿಸಿತು. ನಿಮಗೂ ಸಾಧ್ಯ, ಇಷ್ಟು ದುಡ್ಡಿದ್ದರೆ ಸಾಕು ಎಂದು ತೋರಿಸಲು. ಮದುವೆಯ ಖರ್ಚಿನ ಚೀಟಿಯನ್ನು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಮುದ್ರಿಸಿದ ಹಾಗಾಯಿತು ಎಂದು ನಗಬೇಡಿ. ಎಷ್ಟೋ ಬಡ ಹುಡುಗರಿಗೆ ಧೈರ್ಯ ಕೊಟ್ಟ ಲೆಕ್ಕ ಅದು.

ಎರಡು ಸಲ ಹಾಕಿದ ಹಾಡು

ಈ ಕಾಲದ ಒಂದು ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಉತ್ತರ ಐರ್ಲೆಂಡಿನಲ್ಲಿ ಡೆರಿ ಎಂಬ ಪಟ್ಟಣವಿದೆ. 1972ರ ಜನವರಿ 30ರ ಭಾನುವಾರ ಅಲ್ಲಿ ಮೆರವಣಿಗೆ ಹೊರಟವರ ಮೇಲೆ ಸೈನಿಕರು ಗುಂಡು ಹಾರಿಸಿ ಆ ದಿನವೇ 13 ಮಂದಿ ಸತ್ತರು. ಅಂಥ ಊರು. ಅಲ್ಲಿನ ಕ್ಯಾಥೋಲಿಕ ಕುಟುಂಬಗಳ ಐವರು ಹುಡುಗರು ಸೇರಿ ದಿ ಅಂಡರ್‌ಟೋನ್ಸ್ ಎಂಬ ತಂಡ ಕಟ್ಟಿದರು. ಹೊರಗೆ ಸೈನಿಕರ ಕಾವಲು, ಬಾಂಬು, ಗುಂಡು. ಹೊರಗಿನ ಹಾಡುಗಾರರು ಅತ್ತ ಬರಲು ಹೆದರುತ್ತಿದ್ದರು. ಈ ಹುಡುಗರು ಊರಿನ ಒಂದು ಪುಟ್ಟ ಜಾಗದಲ್ಲಿ ಹಾಡುತ್ತ ಬಂದರು. ಅವರ ಹಾಡುಗಳಲ್ಲಿ ಗಲಭೆಯ ಸುದ್ದಿಯೇ ಇರಲಿಲ್ಲ. ಹದಿಹರೆಯದ ಹುಡುಗರ ಆಸೆ, ನಾಚಿಕೆ, ಬೇಸರ, ಇಷ್ಟೇ.

ಬೆಲ್‌ಫಾಸ್ಟಿನಲ್ಲಿ ಟೆರಿ ಹೂಲಿ ಎಂಬುವರು ಗುಡ್ ವೈಬ್ರೇಷನ್ಸ್ ಎಂಬ ಹೆಸರಿನಲ್ಲಿ ತಟ್ಟೆಗಳ ಅಂಗಡಿ ಇಟ್ಟಿದ್ದರು. ಅದೇ ಹೆಸರಿನಲ್ಲಿ ಹೊಸ ತಂಡಗಳ ತಟ್ಟೆಗಳನ್ನೂ ಹೊರತರಲು ತೊಡಗಿದ್ದರು. ಅವರ ಮೂಲಕ 1978ರಲ್ಲಿ ಅಂಡರ್‌ಟೋನ್ಸ್ ತಂಡದ ನಾಲ್ಕು ಹಾಡುಗಳ ತಟ್ಟೆ ಬಂತು. ಮುಖ್ಯ ಹಾಡಿನ ಹೆಸರು ಟೀನೇಜ್ ಕಿಕ್ಸ್. ಹೂಲಿ ಅದನ್ನು ಹಿಡಿದುಕೊಂಡು ಲಂಡನ್ನಿನ ಕಂಪನಿಗಳಿಗೆ ಹೋದರೆ ಯಾರಿಗೂ ಅದು ಬೇಡವಾಯಿತು. ಕೊನೆಗೆ ಒಂದು ಪ್ರತಿ ಬಿಬಿಸಿ ರೇಡಿಯೋದ ಜಾನ್ ಪೀಲ್ ಅವರ ಕೈ ಸೇರಿತು.

ಈ ಜಾನ್ ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ, 37 ವರ್ಷ, ಬಿಬಿಸಿಯ ರೇಡಿಯೋ ಒನ್‌ನಲ್ಲಿ ಹಾಡು ಹಾಕಿದವರು. ಎಲ್ಲೆಲ್ಲಿಂದಲೋ ಹೆಸರಿಲ್ಲದ ತಂಡಗಳು ಕಳಿಸುತ್ತಿದ್ದ ಧ್ವನಿಸುರುಳಿಗಳನ್ನು ಕೂತು ಕೇಳುವುದೇ ಅವರ ಕಸುಬು. ಕೇಳಿ ಹಿಡಿಸಿದರೆ ಆ ತಂಡವನ್ನು ಬಿಬಿಸಿಯ ಸ್ಟುಡಿಯೋಗೆ ಕರೆಸಿ ಹಾಡಿಸುತ್ತಿದ್ದರು. ಅವರ ಕಾರ್ಯಕ್ರಮಕ್ಕಾಗಿ ಹಾಗೆ ಮುದ್ರಿಸಿದ ಸರದಿಗಳು 4,000ಕ್ಕೂ ಹೆಚ್ಚು. 1978ರ ಸೆಪ್ಟೆಂಬರಿನ ಒಂದು ರಾತ್ರಿ ಅವರು ಟೀನೇಜ್ ಕಿಕ್ಸ್ ಹಾಡನ್ನು ಹಾಕಿದರು. ಎರಡೂವರೆ ನಿಮಿಷದ ಹಾಡು. ಮುಗಿದ ಕೂಡಲೇ ಅದನ್ನೇ ಇನ್ನೊಮ್ಮೆ ಹಾಕಿದರು. ಕೆಲವೇ ವಾರಗಳಲ್ಲಿ ಅಮೆರಿಕದ ಒಂದು ಕಂಪನಿ ಡೆರಿಗೆ ಜನ ಕಳಿಸಿತು, ತಟ್ಟೆ ಮತ್ತೆ ಅಚ್ಚಾಯಿತು, ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 31ನೆಯ ಸ್ಥಾನಕ್ಕೆ ಏರಿತು, ಹುಡುಗರು ಟಿವಿಯಲ್ಲಿ ಕಾಣಿಸಿಕೊಂಡರು.

ಗಮನಿಸಿ: ಹಾಡಿದವರು ಐವರು. ಆದರೆ ಆ ಹಾಡು ಉಳಿಯಲು ಅವರಷ್ಟೇ ಮುಖ್ಯರಾದವರು ಇನ್ನಿಬ್ಬರು. ಒಬ್ಬ ಅಂಗಡಿಯವರು, ಒಬ್ಬ ಕೇಳುಗರು. ಪೀಲ್ ಅವರಿಗೆ ಹಾಡಲೂ ಬರುತ್ತಿರಲಿಲ್ಲ, ವಾದ್ಯ ನುಡಿಸಲೂ ಬರುತ್ತಿರಲಿಲ್ಲ. ಅವರಿಗೆ ಇದ್ದದ್ದು ಕಿವಿ, ಮತ್ತು ಎರಡನೆಯ ಸಲ ಕೇಳುವ ತಾಳ್ಮೆ. ಈ ಎರಡನೆಯದು ನಮ್ಮ ನಿಮ್ಮಲ್ಲೂ ಇರಬಹುದಾದದ್ದು.

ಫೋನು ಏಕೆ ಹೊಸಬರನ್ನು ತೋರಿಸುವುದಿಲ್ಲ?

ಈಗ ಎಲ್ಲ ಹಾಡೂ ಫೋನಿನಲ್ಲೇ ಸಿಗುತ್ತದೆ, ಹುಡುಕುವುದೇನಿದೆ ಎಂದು ನೀವು ಕೇಳಬಹುದು. ಸಿಗುವುದು ನಿಜ. ಕಷ್ಟ ಇರುವುದು ಅಲ್ಲೇ. ಇಂಥ ಲೆಕ್ಕಗಳನ್ನು ಇಡುವ ಲುಮಿನೇಟ್ ಎಂಬ ಸಂಸ್ಥೆಯ ಪ್ರಕಾರ 2023ರಲ್ಲಿ ಹಾಡು ಕೇಳಿಸುವ ಸೇವೆಗಳಲ್ಲಿ ಸುಮಾರು 18.4 ಕೋಟಿ ಧ್ವನಿಮುದ್ರಿಕೆಗಳಿದ್ದವು. ಅವುಗಳಲ್ಲಿ ಸುಮಾರು 4.5 ಕೋಟಿಯನ್ನು ಇಡೀ ವರ್ಷ ಒಬ್ಬರೂ ಒಮ್ಮೆಯೂ ಕೇಳಲಿಲ್ಲ.

ಫೋನು ತಾನಾಗಿ ಮುಂದಿನ ಹಾಡನ್ನು ಹಾಕುತ್ತದಲ್ಲ, ಅದು ಹೇಗೆ ಆರಿಸುತ್ತದೆ? ಮುಖ್ಯವಾಗಿ, ನಿಮ್ಮಂತೆಯೇ ಕೇಳುವ ಬೇರೆಯವರು ಇನ್ನೇನು ಕೇಳಿದರು ಎಂದು ನೋಡಿ ಅದನ್ನು ನಿಮಗೂ ಬಡಿಸುತ್ತದೆ. ಹಾಗಾದರೆ ಯಾರೂ ಕೇಳಿರದ ಹಾಡನ್ನು ಅದು ಯಾರ ಪಕ್ಕದಲ್ಲಿ ಇಡಬೇಕು? ಹೊಸದಾಗಿ ಊರಿಗೆ ಬಂದ ಬಾಡಿಗೆದಾರನ ಬಗ್ಗೆ ಅಕ್ಕಪಕ್ಕದವರನ್ನು ವಿಚಾರಿಸಿದರೆ ಅವರಿಗೂ ಏನೂ ಗೊತ್ತಿರದು, ಹಾಗೆ. ಆದ್ದರಿಂದ ಯಂತ್ರ ಕೇಳಿದ್ದನ್ನೇ ಮತ್ತೆ ಕೇಳಿಸುತ್ತದೆ. ಮೊದಲ ಕೆಲವು ನೂರು ಕೇಳುಗರನ್ನು ತಂದುಕೊಡುವುದು ಮನುಷ್ಯರ ಕೆಲಸವೇ.

ಇದರಲ್ಲಿ ದುಡ್ಡಿನ ಮಾತೂ ಇದೆ. ಸ್ಪಾಟಿಫೈ ಎಂಬ ಸೇವೆಯವರು 2024ರಿಂದ ಒಂದು ನಿಯಮ ತಂದಿದ್ದಾರೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಅವರಿಂದ ಒಂದು ಪೈಸೆಯೂ ಇಲ್ಲ. ಸಾವಿರ ಎಂದರೆ ದೊಡ್ಡದೇ? ಒಂದು ಧರ್ಮಕೇಂದ್ರದ 50 ಮನೆಗಳವರು ವರ್ಷದಲ್ಲಿ 20 ಸಲ ಕೇಳಿದರೆ ಸಾವಿರ ಆಯಿತು.

ನಮ್ಮ ನಾಡಿನ ತಂಡಗಳು

ಅತ್ತ ಡೆರಿಯ ಹುಡುಗರ ತಟ್ಟೆ ಬಂದ 1978ರಲ್ಲೇ ಇತ್ತ ಕನ್ನಡದಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂತು. ಎರಡಕ್ಕೂ ಸಂಬಂಧವಿಲ್ಲ, ನಿಜ. ಆದರೆ ಸಿನಿಮಾದ ಹೊರಗೂ ಹಾಡಿಗೆ ಮನೆಯಿದೆ ಎಂದು ನಮಗೆ ಕ್ಯಾಸೆಟ್ಟು ತೋರಿಸಿಕೊಟ್ಟಿತು ಎಂಬುದನ್ನು ಮರೆಯಬಾರದು. ಭಾವಗೀತೆಯ ಕ್ಯಾಸೆಟ್ ಕೊಂಡು ತಂದ ಹಿರಿಯರು ತಮಗೆ ತಿಳಿಯದೆಯೇ ಈ ದಾರಿಯಲ್ಲಿ ನಡೆದವರೇ.

ಬೆಂಗಳೂರಿನಲ್ಲಿ 1996ರಲ್ಲಿ ಕಾಲೇಜು ಹುಡುಗರು ಸೇರಿ ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ತಂಡ ಕಟ್ಟಿದರು. ಹೆಸರು ವಿಚಿತ್ರವಾಗಿದೆ. ಮೊದಲಿಗಿದ್ದ ಸದಸ್ಯರಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬರು ಕಾಲು ಭಾಗ ಮಲಯಾಳಿ, ಅದರ ತಮಾಷೆ ಅದು. ಆ ಕಾಲದ ಇಂಗ್ಲಿಷ್ ತಂಡಗಳಲ್ಲಿ ಅನೇಕವು ವಿದೇಶಿ ತಂಡಗಳ ಹಾಡನ್ನೇ ಹಾಡುತ್ತಿದ್ದಾಗ ಇವರು ತಮ್ಮದೇ ಹಾಡುಗಳನ್ನು ಹಾಡಲು ಹಟ ಹಿಡಿದರು.

ಕನ್ನಡದ ಕಿವಿಗೆ ಹತ್ತಿರದವರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಅವರ ತಂಡದ ಮೊದಲ ಧ್ವನಿಮುದ್ರಿಕೆ 2008ರಲ್ಲಿ ಬಂತು. ಅದರಲ್ಲಿ ಹಿಂದಿ ಹಾಡುಗಳ ಜೊತೆಗೆ ಶಿಶುನಾಳ ಷರೀಫರ ತತ್ವಪದಗಳೂ ಗಿಟಾರು, ಡ್ರಮ್ಮುಗಳ ನಡುವೆ ಬಂದು ಕುಳಿತವು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ವರ್ಷದ ಅತ್ಯುತ್ತಮ ಹೊಸಬರ ಪ್ರಶಸ್ತಿ ಕೊಟ್ಟಿತು. ಹಾವೇರಿ ಸೀಮೆಯ ಒಬ್ಬ ಸಂತನ ಮಾತು ಕನ್ನಡ ಬಾರದ ಪರದೇಶದ ಜನರ ಕಿವಿಗೂ ಬಿತ್ತು. ಸಿ. ಅಶ್ವತ್ಥ್ ಅವರ ಷರೀಫರನ್ನು ಕೇಳಿ ಬೆಳೆದ ನಿಮ್ಮ ಅಪ್ಪನಿಗೆ ಇದನ್ನು ಕೇಳಿಸಿ ನೋಡಿ. ಒಪ್ಪುತ್ತಾರೋ ಬೈಯುತ್ತಾರೋ, ಮಾತಂತೂ ಶುರುವಾಗುತ್ತದೆ.

ವಾಸು ದೀಕ್ಷಿತ್ ಮುಂದಾಳಾಗಿದ್ದ ಸ್ವರಾತ್ಮ ತಂಡದ ಮೊದಲ ಧ್ವನಿಮುದ್ರಿಕೆ 2009ರದು. ಹಿಂದಿ ಮತ್ತು ಕನ್ನಡದಲ್ಲಿ, ಜನಪದದ ಧಾಟಿಯಲ್ಲಿ ಹಾಡಿದ ತಂಡ. ಕಾಶ್ಮೀರದಿಂದ ಬಂದ ಯುವಕರು ಬೆಂಗಳೂರಿನಲ್ಲಿ ಕಟ್ಟಿದ ಪರ್ವಾಜ್ ತಂಡ ಉರ್ದು ಮತ್ತು ಕಾಶ್ಮೀರಿ ಭಾಷೆಗಳಲ್ಲಿ ಹಾಡುತ್ತದೆ. 2014ರಲ್ಲಿ ಬಂದ ಅವರ ‘ಬರಾನ್’ ನನ್ನ ಮಟ್ಟಿಗೆ ರಾತ್ರಿ ಊಟವಾದ ಮೇಲೆ, ದೀಪ ಸ್ವಲ್ಪ ಕಡಿಮೆ ಮಾಡಿ ಕೇಳಬೇಕಾದ ಸಂಗೀತ. ಮಾತು ಅರ್ಥವಾಗದಿದ್ದರೂ ಕೇಳಬಹುದು. ಲತೀನ್ ಪೂಜೆಯ ಹಾಡುಗಳನ್ನು ನಮ್ಮ ಅಜ್ಜಿಯಂದಿರು ಹಾಗೆಯೇ ಕೇಳಿರಲಿಲ್ಲವೇ?

ಹುಡುಕುವ ದಾರಿ

ಒಂದು ತಂಡ ಹಿಡಿಸಿತು ಎನ್ನಿ. ಅಲ್ಲಿಂದ ಮುಂದಕ್ಕೆ ಹೋಗಲು ನನಗೆ ತಿಳಿದ ಅತ್ಯುತ್ತಮ ಉಪಾಯವೆಂದರೆ ಹೆಸರುಗಳನ್ನು ಓದುವುದು. ತಬಲ ಯಾರು, ಪಿಟೀಲು ಯಾರು, ಧ್ವನಿಮುದ್ರಿಸಿದವರು ಯಾರು ಎಂದು ಬರೆದಿರುತ್ತಾರೆ. ಪಿಟೀಲಿನವರು ಇನ್ನೆರಡು ತಂಡಗಳಲ್ಲೂ ನುಡಿಸುತ್ತಿರುತ್ತಾರೆ. ಆ ತಂಡಗಳನ್ನು ಕೇಳಿ. ಅಲ್ಲಿಂದ ಇನ್ನೊಂದಕ್ಕೆ. ನೆಂಟರ ಮನೆಯ ಮದುವೆಯಲ್ಲಿ ಇವರು ಯಾರ ಕಡೆಯವರು ಎಂದು ವಿಚಾರಿಸುತ್ತ ಹೋದರೆ ಇಡೀ ಸೀಮೆಯ ಪರಿಚಯವಾಗುವುದಿಲ್ಲವೇ, ಹಾಗೆ.

ಎರಡನೆಯದು, ಕಾರ್ಯಕ್ರಮಕ್ಕೆ ಹೊತ್ತಿಗೆ ಮುಂಚೆ ಹೋಗುವುದು. ದೊಡ್ಡ ತಂಡದ ಮೊದಲು ಒಂದು ಸಣ್ಣ ತಂಡ ಅರ್ಧ ಗಂಟೆ ಹಾಡುತ್ತದೆ. ಆಗ ಜನ ಹೊರಗೆ ಕಾಫಿ ಕುಡಿಯುತ್ತಿರುತ್ತಾರೆ. ನೀವು ಒಳಗೆ ಕೂತಿರಿ. ನಾಳೆಯ ದೊಡ್ಡ ತಂಡ ಅದೇ ಇರಬಹುದು. ಕಾಲೇಜು ಉತ್ಸವಗಳಲ್ಲೂ ಹೊಸ ತಂಡಗಳು ಸಿಗುತ್ತವೆ.

ಮೂರನೆಯದು, ಹಿಡಿಸಿದ್ದನ್ನು ದುಡ್ಡು ಕೊಟ್ಟು ಕೊಳ್ಳುವುದು. 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಎಂಬಲ್ಲಿ ಹಾಡನ್ನು ನೇರವಾಗಿ ತಂಡದಿಂದ ಕೊಳ್ಳಬಹುದು. ಅವರು ಹಾಡಿನ ಬೆಲೆಯಲ್ಲಿ ಹಿಡಿದುಕೊಳ್ಳುವುದು 15 ಪ್ರತಿಶತ. ದುಡ್ಡು ಕಳಿಸುವ ಖರ್ಚು ಕಳೆದು ಉಳಿದದ್ದು ಹಾಡಿದವರಿಗೆ. ಒಂದು ಟಿಕೆಟು, ಒಂದು ಟೀ ಶರ್ಟು ಕೊಂಡರೂ ಸಾವಿರ ಸಲ ಫೋನಿನಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಅವರ ಕೈ ಸೇರೀತು.

ಮಾತು ಹಿಡಿಸದಿದ್ದರೆ

ಹೆತ್ತವರ ಮುಖ್ಯ ಆತಂಕ ಇದೇ ಎಂದು ನನಗೆ ಗೊತ್ತು. ಕೆಲವು ಹಾಡುಗಳಲ್ಲಿ ಒರಟು ಮಾತು, ಬೈಗುಳ ಇರುತ್ತವೆ. ಬೆಂಗಳೂರಿನಲ್ಲಿ ನೌಕರಿ ಮಾಡುತ್ತ ಹಾಡಲು ತೊಡಗಿದ ಮಲಯಾಳಿ ಯುವಕ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’ 2024ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ನೆಯ ಸ್ಥಾನಕ್ಕೆ ಏರಿತು. ಅದರ ದೃಶ್ಯಗಳನ್ನು ಜಾತ್ರೆಗಳಲ್ಲಿ ಮೋಟಾರ್ ಸೈಕಲ್ ಓಡಿಸುವ ಮರಣಬಾವಿಯಲ್ಲಿ ತೆಗೆದಿದ್ದಾರೆ. ಆ ಸವಾರರನ್ನು ಜಗತ್ತೇ ನೋಡಿತು. ಅದರ ಮಾತುಗಳು ಮಾತ್ರ ಊಟದ ಮೇಜಿಗೆ ತಕ್ಕವಲ್ಲ, ಎಳೆಯ ಮಕ್ಕಳಿಗಂತೂ ಅಲ್ಲವೇ ಅಲ್ಲ.

ಏನು ಮಾಡಬೇಕು? ಎಳೆಯರಿದ್ದರೆ ಬೇಡ ಎನ್ನಿ, ಅದು ಹೆತ್ತವರ ಹಕ್ಕು. ಆದರೆ 16–17 ದಾಟಿದವರಿಗೆ ಬರೀ ಬೇಡ ಎಂದರೆ ಇಯರ್‌ಫೋನ್ ಇನ್ನೂ ಆಳಕ್ಕೆ ಹೋಗುತ್ತದೆ. ಬದಲಿಗೆ, ಈ ಹಾಡಿನ ಅರ್ಥ ನನಗೆ ಹೇಳು ಎಂದು ಕೇಳಿ. ಅಪ್ಪನ ಎದುರು ಸಾಲು ಸಾಲಾಗಿ ಅರ್ಥ ಹೇಳಬೇಕಾದಾಗ ಯಾವ ಮಾತಿಗೆ ನಾಲಗೆ ತಡವರಿಸುತ್ತದೆ ಎಂಬುದು ಮಗನಿಗೇ ತಿಳಿಯುತ್ತದೆ. ಯಾವ ಮಾತು ಹಾಡುಗಾರನ ನಿಜವಾದ ನೋವು, ಯಾವುದು ಬರೀ ಆಡಂಬರ ಎಂಬುದೂ ಆಗ ಬೇರ್ಪಡುತ್ತದೆ. ಗಲಾಟೆ ಎಂಬ ಒಂದೇ ಮಾತಿನಿಂದ ತಳ್ಳಿಹಾಕಿದರೆ ಈ ಸಂಭಾಷಣೆಗೆ ಅವಕಾಶವೇ ಇರುವುದಿಲ್ಲ. ಮತ್ತು ಒಂದು ಸಲ ಕೇಳಿ ತೀರ್ಪು ಕೊಡಬೇಡಿ. ಮೊದಲ ಸಲ ಕಿವಿಗೆ ಹೊಸತನದ ಪೆಟ್ಟಷ್ಟೇ ತಾಕುತ್ತದೆ. ಎರಡನೆಯ ಸಲ ಹಾಡು ಕೇಳಿಸುತ್ತದೆ.

ಇಂದು ನಾವು ಕಣ್ಣು ಮುಚ್ಚಿ ಹಾಡುವ ಕನ್ನಡ ಭಕ್ತಿಗೀತೆಗಳೂ ಒಂದು ದಿನ ಹೊಸವೇ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಕುರಿತ ತನ್ನ ದಾಖಲೆಯಲ್ಲಿ ಆಯಾ ಜನರ ಭಾಷೆಗೆ ಎಡೆ ಕೊಟ್ಟು, ಅವರ ಸಂಗೀತ ಪರಂಪರೆಗೆ ಗೌರವ ಸಲ್ಲಬೇಕೆಂದು ಹೇಳಿದ ಮೇಲೆ ಬಂದವು ಅವುಗಳಲ್ಲಿ ಬಹಳಷ್ಟು. ಲತೀನಿಗೆ ಒಗ್ಗಿದ ಕಿವಿಗಳು ಅವನ್ನು ಎರಡು ಸಲ ಕೇಳಿದ್ದರಿಂದಲೇ ಅವು ಉಳಿದವು.

ಮನೆಯ ಮಗುವೇ ಹಾಡುಗಾರನಾದರೆ

ಗಾನವೃಂದದಲ್ಲಿ ಗಿಟಾರ್ ಹಿಡಿದ ಹುಡುಗ, ಕೀಬೋರ್ಡ್ ನುಡಿಸುವ ಹುಡುಗಿ ಒಂದು ದಿನ ನಮ್ಮದೇ ತಂಡ ಕಟ್ಟುತ್ತೇವೆ ಎನ್ನುತ್ತಾರೆ. ಮನೆಯಲ್ಲಿ ಬಿರುಗಾಳಿ ಏಳುತ್ತದೆ. ಓದಿನ ಗತಿ ಏನು, ಅನ್ನಕ್ಕೆ ದಾರಿ ಏನು? ಈ ಭಯ ಸುಳ್ಳಲ್ಲ. ತಮ್ಮ ಹಾಡುಗಳಿಂದಲೇ ಸಂಸಾರ ಸಾಗಿಸುವವರು ನಮ್ಮ ದೇಶದಲ್ಲಿ ಕಡಿಮೆ. ಅನೇಕರು ಪಾಠ ಹೇಳಿಕೊಡುತ್ತಾರೆ, ಜಾಹೀರಾತಿಗೆ ಸಂಗೀತ ಮಾಡುತ್ತಾರೆ, ಹಗಲು ನೌಕರಿ ಇಟ್ಟುಕೊಳ್ಳುತ್ತಾರೆ. ಇದನ್ನು ಮಕ್ಕಳಿಗೆ ನೇರವಾಗಿ ಹೇಳಿ. ಓದು ಮುಗಿಸು, ಜೊತೆಗೆ ಹಾಡು ಎನ್ನುವುದರಲ್ಲಿ ಅವಮಾನವೇನೂ ಇಲ್ಲ. ರಘು ದೀಕ್ಷಿತರೂ ಓದು ಮುಗಿಸಿ ನೌಕರಿ ಮಾಡಿಯೇ ಈ ಕಡೆ ಬಂದವರು.

ಅದರ ಜೊತೆಗೆ ಲೋಕ ಕಂಡ ಹಿರಿಯರಾಗಿ ನೀವು ಸಹಾಯ ಮಾಡಬಹುದಾದ ಒಂದು ವಿಷಯವಿದೆ: ಕಾಗದಪತ್ರ. ಯಾವ ಹಾಡನ್ನು ಯಾರು ಬರೆದರು, ರಾಗ ಯಾರದು, ಯಾರಿಗೆ ಎಷ್ಟು ಪಾಲು ಎಂದು ಹಾಡು ಹುಟ್ಟಿದ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ. ಸ್ನೇಹ ಇರುವಾಗ ಬರೆಯುವುದು ಸುಲಭ. ಅಣ್ಣತಮ್ಮಂದಿರ ನಡುವೆ ಜಮೀನಿನ ಪತ್ರ ಮಾಡಿಸದೆ ನರಳಿದ ಮನೆಗಳನ್ನು ನಾವು ಕಂಡಿಲ್ಲವೇ? 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾನೂನಿನಂತೆ ಹಾಡು ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿ ಪಾಲನ್ನು ಕಂಪನಿಯು ಪೂರ್ತಿ ತನ್ನ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ. ಅದನ್ನು ಸಂಗ್ರಹಿಸಿ ಹಂಚಲು 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಎಂಬ ಸಂಸ್ಥೆ ಮುಂಬೈಯಲ್ಲಿದೆ. ಹಾಡು ಕಟ್ಟುವವರು ಅದರ ಸದಸ್ಯರಾಗಬಹುದು. ಯಾವುದೇ ಕರಾರಿಗೆ ಓದದೆ ಸಹಿ ಹಾಕಬಾರದು, ಇಂಗ್ಲಿಷ್ ಅರ್ಥವಾಗದಿದ್ದರೆ ವಕೀಲರಿಗೆ ತೋರಿಸಬೇಕು.

ಇನ್ನು ಧರ್ಮಕೇಂದ್ರದ ಹಬ್ಬದ ವಿಷಯ. ವಾರ್ಷಿಕ ಹಬ್ಬದ ಸಂಜೆ ಸಿನಿಮಾ ಹಾಡುಗಳ ಆರ್ಕೆಸ್ಟ್ರಾ ಕರೆಸುವುದು ಅನೇಕ ಕಡೆ ರೂಢಿ. ಅದು ಇರಲಿ, ಜನ ಕುಣಿಯಲಿ. ಆರ್ಕೆಸ್ಟ್ರಾ ಶುರುವಾಗುವ ಮೊದಲು 20 ನಿಮಿಷ ಊರಿನ ಯುವಕ ಯುವತಿಯರ ಸ್ವಂತ ಹಾಡುಗಳಿಗೆ ಕೊಡಬಹುದೇ ಎಂದು ಹಬ್ಬದ ಸಮಿತಿಯಲ್ಲಿ ಕೇಳಿ ನೋಡಿ. ಮೈಕು, ವೇದಿಕೆ, ದೀಪ ಎಲ್ಲವೂ ಅಲ್ಲಿ ಇದ್ದೇ ಇರುತ್ತವೆ. ಅವರಿಗೂ ಒಂದು ಲಕೋಟೆಯಲ್ಲಿ, ಚಿಕ್ಕದಾದರೂ ಸರಿ, ಸಂಭಾವನೆ ಇಟ್ಟು ಕೊಡಿ. ಮತ್ತು ದಯವಿಟ್ಟು ಆ 20 ನಿಮಿಷ ಕುರ್ಚಿ ಬಿಟ್ಟು ಊಟದ ಸಾಲಿಗೆ ಏಳಬೇಡಿ.